ಆಸ್ಪತ್ರೆಯೊಳಗೊಂದು ಮಂಟಪ

(ಬೇಮಳಖೇಡದಲ್ಲಿ ನಡೆದ ಅನುಭಾವಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ಈ ಗೋಷ್ಠಿಯಲ್ಲಿ ವಚನ ನಿರ್ವಚನ ನಡೆಯುವುದು ರೂಢಿ. ನಾನು ಆಸ್ಪತ್ರೆಯ ಆಡಳಿತದ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು, "ಸರ್, ಅದು ಡಾಕ್ಟರ್ ಹೇಳೂ ವಿಷಯ ಅಲ್ಲೇನ್ರಿ?" ಎಂದರು. ನಾನು ವೈದ್ಯನಲ್ಲ, ನಿಜ. ಸರ್ಕಾರಿ ಸೇವೆಯಲ್ಲಿ ಎಂಜಿನಿಯರ್ ಆಗಿ ರಸ್ತೆ, ಸೇತುವೆ, ಕಟ್ಟಡ ಎಂದು ಓಡಾಡಿ ನಿವೃತ್ತನಾದವನು. ಆದರೆ ಒಂದು ಆಸ್ಪತ್ರೆಯಲ್ಲಿ ಎಷ್ಟು ಕಾಯಕಗಳಿವೆ ಎಂದು ಎಣಿಸಿ ನೋಡಿ. ವೈದ್ಯರು, ಶುಶ್ರೂಷಾಧಿಕಾರಿ, ಔಷಧಿ ಕೊಡುವವರು, ರಕ್ತ ಪರೀಕ್ಷೆ ಮಾಡುವವರು, ಆಯಾ, ವಾರ್ಡ್ ಬಾಯ್, ಬಟ್ಟೆ ಒಗೆಯುವವರು, ನೆಲ ಒರೆಸುವವರು, ಆಂಬುಲೆನ್ಸ್ ಚಾಲಕರು, ಹಳ್ಳಿಯಿಂದ ಗರ್ಭಿಣಿಯನ್ನು ಕರೆತರುವ ಆಶಾ ಕಾರ್ಯಕರ್ತೆ. ಹನ್ನೆರಡನೆಯ ಶತಮಾನದಲ್ಲಿ ಇಲ್ಲೇ ನಮ್ಮ ಕಲ್ಯಾಣದಲ್ಲಿ ಒಂದೇ ಸೂರಿನಡಿ ಕೂತವರ ಪಟ್ಟಿ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಅಲ್ಲಿ ವೈದ್ಯ ಸಂಗಣ್ಣನವರಿದ್ದರು. ಬಟ್ಟೆ ಮಡಿ ಮಾಡುವ ಮಾಚಿದೇವರಿದ್ದರು. ಅಂಗಳದ ಕಸ ಗುಡಿಸುವ ಸತ್ಯಕ್ಕ ತಾಯಿ ಇದ್ದರು. ವ್ಯತ್ಯಾಸ ಇಷ್ಟೇ: ಮಂಟಪದಲ್ಲಿ ಅವರೆಲ್ಲರೂ ಮಾತಾಡಿದರು. ನಮ್ಮ ಆಸ್ಪತ್ರೆಗಳಲ್ಲಿ ಒಬ್ಬರು ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ.

ಇದರಿಂದ ಯಾರಿಗೆ ನಷ್ಟ ಎಂಬುದನ್ನು ಹೇಳಲು ಎರಡು ಪ್ರಸಂಗ ಹೇಳುತ್ತೇನೆ.

ಸೇವೆಯಲ್ಲಿದ್ದಾಗ ಒಂದು ಸರ್ಕಾರಿ ಆಸ್ಪತ್ರೆಯ ಕಟ್ಟಡದ ದುರಸ್ತಿಗೆ ನನ್ನನ್ನು ಕಳಿಸಿದ್ದರು. ಊರಿನ ಹೆಸರು ಬೇಡ. ಕಟ್ಟಿ ನಾಲ್ಕು ವರ್ಷವೂ ಆಗಿರಲಿಲ್ಲ. ನಾನು ನಕ್ಷೆ ಹರಡಿಕೊಂಡು ನೋಡುತ್ತಿದ್ದೆ. ಬದಿಯಲ್ಲಿ ಬಕೆಟ್ ಹಿಡಿದು ನಿಂತಿದ್ದ ಆಯಾ, "ಸಾಹೇಬ್ರ, ಕಾಗದದಾಗ ಏನ್ ನೋಡ್ತೀರಿ, ಬರ್ರಿ ತೋರಸ್ತೀನಿ" ಎಂದು ಕರೆದುಕೊಂಡು ಹೋದಳು. ಹೆರಿಗೆ ಕೋಣೆಯ ಮುಂದಿನ ತಿರುವಿನಲ್ಲಿ ನಿಲ್ಲಿಸಿ, "ಇಲ್ಲಿ ಸ್ಟ್ರೆಚರ್ ಹೊಳ್ಳಂಗಿಲ್ರಿ. ನಾಕು ಮಂದಿ ಎತ್ತಿ ತಿರುಗಿಸಬೇಕು. ರಾತ್ರಿ ನಾ ಒಬ್ಬಾಕಿನೇ ಇರ್ತೀನಿ" ಎಂದಳು. ಬಾಗಿಲು ಒಳಗೆ ತೆರೆದುಕೊಂಡು ಹೆರಿಗೆ ಮೇಜಿಗೆ ಬಡಿಯುತ್ತಿತ್ತು. ಕೈ ತೊಳೆಯುವ ನಲ್ಲಿ ಬೆರಳಿನಿಂದ ತಿರುಗಿಸುವಂಥದ್ದು. ಮೊಣಕೈಯಿಂದ ತಳ್ಳುವಂಥದ್ದು ಇದ್ದಿದ್ದರೆ ತೊಳೆದ ಕೈ ಮತ್ತೆ ಹೊಲಸಾಗುತ್ತಿರಲಿಲ್ಲ. ಬಚ್ಚಲಿನ ಇಳಿಜಾರು ಬಾಗಿಲ ಕಡೆಗಿತ್ತು. ಹತ್ತೇ ನಿಮಿಷದಲ್ಲಿ ಆಕೆ ಹೇಳಿದ್ದು ದುರಸ್ತಿಯ ಅಂದಾಜು ಪಟ್ಟಿಯ ಮುಕ್ಕಾಲು ಪಾಲು ಆಯಿತು. ನಕ್ಷೆ ದೂರದ ಊರಿನ ಕಚೇರಿಯಿಂದ ಬಂದದ್ದು. ಅದು ಮಂಜೂರಾಗುವವರೆಗೆ ಎಷ್ಟೋ ಸಹಿ ಬಿದ್ದಿದ್ದವು. ಆ ಕೋಣೆಯಲ್ಲಿ ದಿನವೂ ಕೆಲಸ ಮಾಡುವ ಒಬ್ಬರನ್ನೂ ಯಾರೂ ಕೇಳಿರಲಿಲ್ಲ.

ಎರಡನೆಯದು ನಮ್ಮ ಮನೆಯದು. ನಮ್ಮಕ್ಕನಿಗೆ ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆ ಆಗಿತ್ತು, ಪಟ್ಟಣದ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಮೂತ್ರಕ್ಕೆ ಹಾಕಿದ ನಳಿಗೆಯನ್ನು ತೆಗೆಯಲು ಯಾರಿಗೂ ನೆನಪಾಗಲಿಲ್ಲ. ಆರನೆಯ ದಿನ ಚಳಿಜ್ವರ ಬಂತು. ಆಗ ಆಯಾ ನನ್ನನ್ನು ಪಕ್ಕಕ್ಕೆ ಕರೆದು, "ಅಣ್ಣಾರ, ಆ ಪೈಪ್ ಮೂರು ದಿನದ ಹಿಂದೇ ತೆಗೀಬೇಕಿತ್ರಿ" ಎಂದಳು. ಯಾಕವ್ವ, ಡಾಕ್ಟರಿಗೆ ಹೇಳಲಿಲ್ಲವೇ ಎಂದರೆ, "ನಾ ಹೇಳಿದ್ರ ಯಾರ್ ಕೇಳ್ತಾರ್ರಿ?" ನರ್ಸ್ ಮಗಳನ್ನು ಕೇಳಿದೆ. ಅವಳಿಗೂ ಗೊತ್ತಿತ್ತು. "ಸರ್ ರೌಂಡ್ಸ್‌ಗೆ ಬಂದಾಗ ನಾವು ಕೇಳಿದ್ದಕ್ಕಷ್ಟೇ ಉತ್ತರ ಕೊಡ್ತೀವ್ರಿ" ಎಂದಳು. ಅಕ್ಕ ಉಳಿದಳು. ಆದರೆ ಆ ಸೋಂಕಿಗೆ ಇನ್ನೂ ಹನ್ನೊಂದು ದಿನ ಮಲಗಬೇಕಾಯಿತು. ಇಬ್ಬರಿಗೆ ಗೊತ್ತಿದ್ದ ವಿಷಯ ಮೂರನೆಯವರಿಗೆ ಮುಟ್ಟಲಿಲ್ಲ, ಅಷ್ಟೇ.

ಇದು ನಮ್ಮ ಭಾಗದ ರೋಗ ಮಾತ್ರ ಎಂದು ತಿಳಿಯಬೇಡಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವೈದ್ಯ ಪೀಟರ್ ಪ್ರೊನೊವೊಸ್ಟ್ ಎಂಬವರು 2001ರಲ್ಲಿ ಇಂಥದ್ದೇ ಒಂದು ಸಮಸ್ಯೆಗೆ ಕೈಹಾಕಿದರು. ತೀವ್ರ ನಿಗಾ ಘಟಕದಲ್ಲಿ ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಗೆಯಿಂದ ಸೋಂಕಾಗಿ ಜನ ಸಾಯುತ್ತಿದ್ದರು. ಅವರು ಹೊಸ ಯಂತ್ರ ತರಲಿಲ್ಲ, ಹೊಸ ಔಷಧಿ ತರಲಿಲ್ಲ. ಐದು ಮಾತಿನ ಒಂದು ಪಟ್ಟಿ ಮಾಡಿದರು: ಕೈ ತೊಳೆಯಬೇಕು, ರೋಗಿಯ ಚರ್ಮವನ್ನು ಸರಿಯಾದ ದ್ರಾವಣದಿಂದ ಶುಚಿ ಮಾಡಬೇಕು, ಮೈತುಂಬ ಶುಚಿಯಾದ ಹೊದಿಕೆ ಹಾಕಬೇಕು, ಸಾಧ್ಯವಾದಷ್ಟು ತೊಡೆಸಂದಿನಲ್ಲಿ ಚುಚ್ಚಬಾರದು, ಬೇಡವಾದ ನಳಿಗೆಯನ್ನು ತಡಮಾಡದೆ ತೆಗೆಯಬೇಕು. ಇವು ಯಾವ ವೈದ್ಯರಿಗೆ ಗೊತ್ತಿಲ್ಲ? ಎಲ್ಲರಿಗೂ ಗೊತ್ತು. ಪ್ರೊನೊವೊಸ್ಟ್ ಮಾಡಿದ ನಿಜವಾದ ಬದಲಾವಣೆ ಬೇರೆ. ವೈದ್ಯರು ಒಂದು ಹೆಜ್ಜೆ ಬಿಟ್ಟರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸುವ ಅಧಿಕಾರವನ್ನು ನರ್ಸ್‌ಗಳಿಗೆ ಕೊಡಿಸಿದರು. ನಿಲ್ಲಿಸಿದ ನರ್ಸ್ ಬೆನ್ನಿಗೆ ಆಡಳಿತ ನಿಲ್ಲುತ್ತದೆ ಎಂದು ಮೊದಲೇ ಹೇಳಿಸಿದರು. ಮುಂದೆ ಮಿಶಿಗನ್ ರಾಜ್ಯದ ನೂರಕ್ಕೂ ಹೆಚ್ಚು ನಿಗಾ ಘಟಕಗಳಲ್ಲಿ ಇದೇ ಕ್ರಮ ತಂದರು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೂರೇ ತಿಂಗಳಲ್ಲಿ ಕನಿಷ್ಠ ಅರ್ಧದಷ್ಟು ಘಟಕಗಳಲ್ಲಿ ಈ ಸೋಂಕು ಸೊನ್ನೆಗೆ ಇಳಿದಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು ಇಂಥದ್ದೇ ಒಂದು ಪಟ್ಟಿ ತಂದಿತು. ಚಾಕು ಮುಟ್ಟುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು ಎಂಬುದು ಅದರಲ್ಲೊಂದು ಅಂಶ. ದೆಹಲಿಯೂ ಸೇರಿ ಎಂಟು ದೇಶಗಳ ಎಂಟು ನಗರಗಳಲ್ಲಿ ಪರೀಕ್ಷಿಸಿದರು. ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇಕಡಾ 1.5ರಿಂದ 0.8ಕ್ಕೆ ಇಳಿಯಿತು. ತನ್ನ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿದವನಿಗೆ ಮುಂದೆ ತಪ್ಪು ಕಂಡಾಗಲೂ ಬಾಯಿ ಬರುತ್ತದೆ ಎಂಬುದು ಅದರ ಹಿಂದಿನ ಲೆಕ್ಕಾಚಾರ. ಎಂಜಿನಿಯರನಾಗಿ ನನಗೆ ಬಹಳ ಇಷ್ಟವಾದ ಲೆಕ್ಕಾಚಾರವಿದು. ಖರ್ಚು ಒಂದು ಪೈಸೆಯಿಲ್ಲ.

ಈಗ ಆಯ್ದಕ್ಕಿ ಲಕ್ಕಮ್ಮ ತಾಯಿಯ ಕಥೆ ನೆನಪಿಸಿಕೊಳ್ಳಿ. ಮಾರಯ್ಯ ಶರಣರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದರು. ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ಹೆಚ್ಚಾದದ್ದನ್ನು ತಂದಲ್ಲಿಗೇ ಹಾಕಿ ಬನ್ನಿ ಎಂದರು. ಮಾರಯ್ಯ ತಿರುಗಿ ಹೋದರು. ಈ ಕಥೆಯಲ್ಲಿ ನಾವು ಲಕ್ಕಮ್ಮನವರನ್ನು ಹೊಗಳುತ್ತೇವೆ, ಸರಿಯೇ. ಆದರೆ ಮಾರಯ್ಯನವರೂ ದೊಡ್ಡವರು. ಹೆಂಡತಿ ತಡೆದಳೆಂದು ಸಿಟ್ಟಾಗಲಿಲ್ಲ, ಮನೆಯ ಯಜಮಾನ ನಾನು ಎನ್ನಲಿಲ್ಲ. ನಿಲ್ಲಿಸುವವರು ಎಷ್ಟು ಮುಖ್ಯವೋ, ನಿಲ್ಲಿಸಿದಾಗ ನಿಲ್ಲುವವರೂ ಅಷ್ಟೇ ಮುಖ್ಯ. ನಮ್ಮ ಆಸ್ಪತ್ರೆಗಳಲ್ಲಿ ಲಕ್ಕಮ್ಮಂದಿರು ಬೇಕಾದಷ್ಟು ಇದ್ದಾರೆ. ಮಾರಯ್ಯಂದಿರ ಕೊರತೆ ಇದೆ.

ಮಂಟಪದ ರಚನೆಯನ್ನೂ ಸ್ವಲ್ಪ ಗಮನಿಸಬೇಕು. ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಂಡವರು. ಹಣ ಅವರ ಕೈಯಲ್ಲಿತ್ತು, ಅಧಿಕಾರ ಅವರ ಕೈಯಲ್ಲಿತ್ತು. ಆದರೂ ಶೂನ್ಯ ಪೀಠದ ಮೇಲೆ ಅವರು ಕೂಡಲಿಲ್ಲ, ಮದ್ದಳೆ ಬಾರಿಸುವ ಕಾಯಕದಿಂದ ಬಂದ ಅಲ್ಲಮಪ್ರಭುಗಳು ಕೂತರು. ಕರೆದವರೇ ಅಧ್ಯಕ್ಷರಾಗಲಿಲ್ಲ. ಇವತ್ತು ಯಾವ ಸಮಿತಿಯಲ್ಲಾದರೂ ಇದನ್ನು ಕಂಡಿದ್ದೀರಾ? ನಮ್ಮ ಸಮಾಜದ ಸಮಿತಿಗಳಲ್ಲಿ? ನಗಬೇಡಿ, ಗಂಭೀರವಾಗಿಯೇ ಕೇಳುತ್ತಿದ್ದೇನೆ.

ಆಸ್ಪತ್ರೆಯ ಸಿಬ್ಬಂದಿ ಕೂಡಿ ಆಡಳಿತ ನಡೆಸುವುದಕ್ಕೆ ಅಮೆರಿಕದಲ್ಲಿ ಸುಮಾರು ನಲವತ್ತು ವರ್ಷಗಳ ಇತಿಹಾಸವಿದೆ. ನರ್ಸ್‌ಗಳು ಕೆಲಸ ಬಿಟ್ಟು ಹೋಗುತ್ತಿದ್ದ ಕಾಲ ಅದು. ಆದರೂ ಕೆಲವು ಆಸ್ಪತ್ರೆಗಳಲ್ಲಿ ಅವರು ನಿಂತಿದ್ದರು. ಯಾಕೆ ಎಂದು ಹುಡುಕಿ, ಅಂಥ 41 ಆಸ್ಪತ್ರೆಗಳನ್ನು ಗುರುತಿಸಿ 1983ರಲ್ಲಿ ಒಂದು ವರದಿ ಬಂತು. ಆ ಆಸ್ಪತ್ರೆಗಳು ನರ್ಸ್‌ಗಳನ್ನು ನಿರ್ಧಾರಗಳಲ್ಲಿ ಸೇರಿಸಿಕೊಂಡಿದ್ದವು ಎಂಬುದು ಅದರಲ್ಲಿ ಕಂಡ ಮುಖ್ಯ ಸಂಗತಿಗಳಲ್ಲೊಂದು. ಮರುವರ್ಷ ಟಿಮ್ ಪೋರ್ಟರ್ ಒಗ್ರೇಡಿ ಎಂಬವರು ಇದರ ಬಗ್ಗೆ ಒಂದು ಪುಸ್ತಕವನ್ನೇ ತಂದರು. ಅವರೂ ನರ್ಸ್. ಬೇಮಳಖೇಡಕ್ಕೂ ಇದಕ್ಕೂ ಏನು ಸಂಬಂಧ ಎನ್ನಬೇಡಿ. ನಮ್ಮ ಬೀದರ ಜಿಲ್ಲೆಯ ಹೆಣ್ಣುಮಕ್ಕಳೂ ನರ್ಸಿಂಗ್ ಓದಿ ಬೆಂಗಳೂರು, ಹೈದರಾಬಾದ್, ಅದರಾಚೆಗೂ ಹೋಗುತ್ತಿದ್ದಾರೆ. ಸಂಬಳಕ್ಕಾಗಿಯಷ್ಟೇ ಹೋಗುತ್ತಾರೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಭಾರತದಲ್ಲೇ ಒಂದು ಉದಾಹರಣೆಯಿದೆ. ಛತ್ತೀಸಗಡದ ದಲ್ಲಿ ರಾಜಹರಾ ಕಬ್ಬಿಣದ ಅದಿರಿನ ಗಣಿಯ ಊರು. ಅಲ್ಲಿನ ಕಾರ್ಮಿಕ ಸಂಘದ ಮುಂದಾಳುಗಳಲ್ಲಿ ಒಬ್ಬರಾದ ಕುಸುಮಬಾಯಿ ಸರಿಯಾದ ಚಿಕಿತ್ಸೆ ಸಿಗದೆ ಹೆರಿಗೆಯಲ್ಲಿ ತೀರಿಕೊಂಡರು. ಶಂಕರ ಗುಹಾ ನಿಯೋಗಿಯವರ ನಾಯಕತ್ವದಲ್ಲಿ ಕಾರ್ಮಿಕರು ತಾವೇ ಚಂದಾ ಹಾಕಿ, ತಾವೇ ಕಲ್ಲು ಮಣ್ಣು ಹೊತ್ತು ಆಸ್ಪತ್ರೆ ಕಟ್ಟಿದರು. 1983ರ ಜೂನ್ 3ರಂದು ಶಹೀದ್ ಆಸ್ಪತ್ರೆ ಶುರುವಾಯಿತು. ಅದನ್ನು ನಡೆಸುವ ನಿರ್ಧಾರಗಳಲ್ಲಿ ವೈದ್ಯರ ಜೊತೆ ನರ್ಸ್‌ಗಳೂ ಆರೋಗ್ಯ ಕಾರ್ಯಕರ್ತರೂ ಗಣಿ ಕಾರ್ಮಿಕರೂ ಕೂಡುತ್ತಿದ್ದರು. ಕಲ್ಲು ಒಡೆಯುವವರು ಆಸ್ಪತ್ರೆ ನಡೆಸಬಲ್ಲರೇ ಎಂದು ಆಗ ನಕ್ಕವರಿದ್ದರು. ಕಾಯಕ, ದಾಸೋಹ ಎಂಬ ಶಬ್ದಗಳನ್ನು ಅಲ್ಲಿ ಯಾರೂ ಬಳಸಿರಲಿಕ್ಕಿಲ್ಲ. ಮಾಡಿದ್ದು ಮಾತ್ರ ಅದನ್ನೇ.

ಇನ್ನು ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಬರೋಣ. 'ನಮ್ಮಲ್ಲಿ ಆರೋಗ್ಯ ರಕ್ಷಾ ಸಮಿತಿ ಇದೆಯಲ್ಲ' ಎಂದು ನೀವು ಕೇಳಬಹುದು. ಇದೆ. ಅದರ ಮೂಲ ಇಂದೋರಿನಲ್ಲಿದೆ. 1994ರ ಪ್ಲೇಗ್ ಭೀತಿಯ ಹೊತ್ತಿನಲ್ಲಿ ಅಲ್ಲಿನ ಮಹಾರಾಜ ಯಶವಂತರಾವ್ ಆಸ್ಪತ್ರೆಯಲ್ಲಿ ಇಲಿ ಹೆಗ್ಗಣಗಳ ಕಾಟ ವಿಪರೀತವಾಗಿತ್ತು. ಆಸ್ಪತ್ರೆ ಖಾಲಿ ಮಾಡಿಸಿ, ತೊಳೆಸಿ, ಅದನ್ನು ಮತ್ತೆ ಹಾಳಾಗದಂತೆ ನೋಡಿಕೊಳ್ಳಲು ಊರಿನವರನ್ನೂ ಸೇರಿಸಿ ರೋಗಿ ಕಲ್ಯಾಣ ಸಮಿತಿ ಮಾಡಿದರು. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಅದನ್ನು ದೇಶಕ್ಕೆಲ್ಲ ಹಬ್ಬಿಸಿತು, ಕರ್ನಾಟಕದಲ್ಲಿ ಆರೋಗ್ಯ ರಕ್ಷಾ ಸಮಿತಿ ಎಂಬ ಹೆಸರು ಬಂತು. ಒಳ್ಳೆಯದೇ ಆಯಿತು. ಆದರೆ ಅದು ಮುಖ್ಯವಾಗಿ ಜನಪ್ರತಿನಿಧಿಗಳು, ಅಧಿಕಾರಿಗಳು, ಊರಿನ ಪ್ರಮುಖರು ಕೂಡುವ ಜಾಗ. ಹೊರಗಿನವರು ಒಳಗನ್ನು ನೋಡಿಕೊಳ್ಳುವ ಏರ್ಪಾಡು ಅದು. ಒಳಗೆ ಕೆಲಸ ಮಾಡುವವರೇ ಕೂಡಿ ಕೂಡುವ ಜಾಗ ಬೇರೆಯೇ ಬೇಕು. 2015ರಲ್ಲಿ ಕೇಂದ್ರ ಸರ್ಕಾರ ತಂದ ಕಾಯಕಲ್ಪ ಪ್ರಶಸ್ತಿ ಈ ದಿಕ್ಕಿನಲ್ಲಿ ಒಂದು ಹೆಜ್ಜೆ. ಸ್ವಚ್ಛತೆ, ತ್ಯಾಜ್ಯ ವಿಲೇವಾರಿ, ಸೋಂಕು ತಡೆ ಇವುಗಳಿಗೆ ಅಂಕ ಕೊಡುತ್ತಾರೆ. ಬಹುಮಾನದ ಹಣದಲ್ಲಿ ಒಂದು ಪಾಲು ಸಿಬ್ಬಂದಿಗೆ ಹೋಗುತ್ತದೆ. ಹಣದಲ್ಲಿ ಪಾಲು ಕೊಟ್ಟರು, ಮಾತಿನಲ್ಲಿಯೂ ಕೊಡಬೇಕು.

ಪಾಲು ಕೊಡುವಾಗ ಒಂದು ಎಚ್ಚರ ಬೇಕು. ಇದನ್ನು ನೀರಾವರಿಯಲ್ಲಿ ಕಂಡು ಹೇಳುತ್ತಿದ್ದೇನೆ. 2000ದಲ್ಲಿ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿ ಬಂದು ನೀರು ಬಳಕೆದಾರರ ಸಹಕಾರ ಸಂಘಗಳು ಆದವು. ರೈತರೇ ಕಾಲುವೆ ನಡೆಸಲಿ ಎಂಬುದು ಆಶಯ. ನಾನು ಕಂಡ ಕೆಲವು ಸಂಘಗಳಲ್ಲಿ ಏನಾಯಿತೆಂದರೆ, ನೀರಿನ ಕರ ವಸೂಲಿ ಸಂಘಕ್ಕೆ ಬಂತು, ಹೂಳೆತ್ತುವ ಕೆಲಸ ಸಂಘಕ್ಕೆ ಬಂತು, ತೂಬಿನ ಕೀಲಿಕೈ ಮಾತ್ರ ಇಲಾಖೆಯ ಬಳಿ ಉಳಿಯಿತು. ಬೈಗುಳ ತಿನ್ನಲು ಸಂಘ, ನೀರು ಬಿಡಲು ಸಾಹೇಬರು. ಎರಡೇ ವರ್ಷದಲ್ಲಿ ಸಭೆಗೆ ಬರುವವರಿಲ್ಲದಾಯಿತು. ಆಸ್ಪತ್ರೆಯಲ್ಲಿ ಸಿಬ್ಬಂದಿ ಸಭೆ ಮಾಡಿ, ಅದರಲ್ಲಿ ಹಾಜರಿ ಪುಸ್ತಕ ಓದಿ, ಬೈದು, ಚಹಾ ಕೊಟ್ಟು ಕಳಿಸಿದರೆ ಅದೂ ಹಾಗೇ ಸಾಯುತ್ತದೆ. ಆ ಸಭೆ ಕೆಲವು ವಿಷಯಗಳನ್ನಾದರೂ ತಾನೇ ತೀರ್ಮಾನಿಸುವಂತಿರಬೇಕು.

ನನ್ನ ಸ್ನೇಹಿತರೊಬ್ಬರು ವೈದ್ಯರಿದ್ದಾರೆ. ಇದನ್ನೆಲ್ಲ ಅವರ ಮುಂದೆ ಹೇಳಿದಾಗ ಅವರು ನೇರವಾಗಿ ಕೇಳಿದರು: "1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯ ಸೇವೆಯನ್ನೂ ಗ್ರಾಹಕ ಕಾಯ್ದೆಗೆ ಸೇರಿಸಿತು. ರೋಗಿಗೆ ಏನಾದರೂ ಆದರೆ ನೋಟಿಸ್ ಬರೋದು ನನ್ನ ಹೆಸರಿಗೆ. ಜನ ಹೊಡೆಯೋಕೆ ಬರೋದೂ ನನ್ನನ್ನೇ. ಹೊಣೆ ನನ್ನದು, ಅಧಿಕಾರ ಎಲ್ಲರದ್ದು ಅಂದ್ರೆ ಹೆಂಗ್ರಿ?" ಇದು ತಳ್ಳಿಹಾಕುವ ಮಾತಲ್ಲ. ತಾಯಿ ರಕ್ತಸ್ರಾವದಿಂದ ಒದ್ದಾಡುತ್ತಿರುವಾಗ ಕೈಯೆತ್ತಿ ಮತ ಎಣಿಸಲಾಗುವುದಿಲ್ಲ. ಯಾವ ಔಷಧಿ, ಎಷ್ಟು, ಯಾವಾಗ ಎಂಬುದು ಓದಿದವರ ಕೆಲಸ. ಅದರಲ್ಲಿ ತಕರಾರಿಲ್ಲ. ಆದರೆ ನಮ್ಮ ಕೆಲಸದಲ್ಲೂ ಸಹಿ ಮಾಡುವವನು ಒಬ್ಬನೇ. ಸೇತುವೆ ಬಿದ್ದರೆ ಅಮಾನತಾಗುವವನು ಅವನೇ. ಆದರೂ ಗುಣ ನಿಯಂತ್ರಣದವರು, ಅವರು ನಮಗಿಂತ ಕಿರಿಯರೇ ಆಗಿರಲಿ, ಕಾಂಕ್ರೀಟ್ ಸರಿಯಿಲ್ಲ ಎಂದರೆ ಕೆಲಸ ನಿಲ್ಲಬೇಕು. ಅದರಿಂದ ಸಹಿ ಮಾಡುವವನ ಮಾನ ಹೋಗುವುದಿಲ್ಲ, ಅವನ ಕುತ್ತಿಗೆ ಉಳಿಯುತ್ತದೆ. ವೈದ್ಯ ಸ್ನೇಹಿತರು ಪೂರ್ತಿ ಒಪ್ಪಿದರೆಂದು ಹೇಳಲಾರೆ. "ನರ್ಸ್ ತಡೆದ್ರೆ ಒಪ್ಪಿಯೇನು, ರೋಗಿಯ ಎದುರಿಗೆ ತಡೆದ್ರೆ ಕಷ್ಟ" ಎಂದರು. ಅಲ್ಲಿಗೆ ನಿಂತಿದ್ದೇವೆ. ಚರ್ಚೆ ಮುಂದುವರಿದಿದೆ.

ಇದಕ್ಕಿಂತ ದೊಡ್ಡ ಅಡ್ಡಿ ಬೇರೆಯಿದೆ, ಅದನ್ನು ಈ ವೇದಿಕೆಯಲ್ಲಿ ಹೇಳದಿದ್ದರೆ ಇನ್ನೆಲ್ಲಿ ಹೇಳಲಿ? ನೆಲ ಒರೆಸುವವರು, ಕಕ್ಕಸು ತೊಳೆಯುವವರು, ರಕ್ತದ ಬಟ್ಟೆ ಎತ್ತುವವರು ಬಹುಪಾಲು ಯಾವ ಕೇರಿಯಿಂದ ಬರುತ್ತಾರೆ ಎಂಬುದು ನಿಮಗೆಲ್ಲ ಗೊತ್ತು. ಅವರಲ್ಲಿ ಬಹಳಷ್ಟು ಜನ ಈಗ ಹೊರಗುತ್ತಿಗೆಯವರು. ಸಂಬಳ ಏಜೆನ್ಸಿಯಿಂದ, ಕೆಲಸ ಆಸ್ಪತ್ರೆಯಲ್ಲಿ. ಬಾಯಿಬಿಟ್ಟರೆ ನಾಳೆ ಬರಬೇಡ ಎನ್ನಲು ಒಂದು ಫೋನ್ ಸಾಕು. ಇಂಥವರನ್ನು ಕರೆದು 'ಮಾತಾಡಿರಿ' ಎಂದರೆ ಅವರು ಏನು ಮಾತಾಡಿಯಾರು? ಮೊದಲು ಕುರ್ಚಿ ಕೊಡಬೇಕು, ಆಡಿದ ಮಾತಿಗೆ ಕೆಲಸ ಹೋಗುವುದಿಲ್ಲ ಎಂದು ಬರೆದು ಕೊಡಬೇಕು. ಹರಳಯ್ಯ ಮಧುವರಸರ ಹೆಸರನ್ನು ಎಲ್ಲ ಭಾಷಣಗಳಲ್ಲೂ ಹೇಳುವ ನಾವು, ಅದೇ ಕೇರಿಯ ಹೆಣ್ಣುಮಗಳನ್ನು ಡಾಕ್ಟರ ಪಕ್ಕದ ಕುರ್ಚಿಯಲ್ಲಿ ಕೂಡಿಸಲು ಹಿಂದೆ ಮುಂದೆ ನೋಡುತ್ತೇವೆ.

ಹೀಗಾಗಿ ನನ್ನ ಪ್ರಶ್ನೆ ಸರ್ಕಾರಕ್ಕಿಂತ ಮೊದಲು ನಮಗೇ ಇದೆ. ಲಿಂಗಾಯತ ಸಂಸ್ಥೆಗಳು, ಮಠಗಳು ಈ ನಾಡಿನಲ್ಲಿ ಬೆಳಗಾವಿಯಿಂದ ಮೈಸೂರಿನವರೆಗೆ, ಕಲಬುರಗಿಯಿಂದ ದಾವಣಗೆರೆಯವರೆಗೆ ದೊಡ್ಡ ದೊಡ್ಡ ಆಸ್ಪತ್ರೆಗಳನ್ನು ಕಟ್ಟಿವೆ. ಲಕ್ಷಾಂತರ ಬಡವರು ಅಲ್ಲಿ ಗುಣವಾಗಿದ್ದಾರೆ, ಇದು ಹೆಮ್ಮೆಯ ವಿಷಯ. ಬಸವಣ್ಣನವರ ಹೆಸರು ಕೆಲವಕ್ಕೆ ಇದೆ, ಭಾವಚಿತ್ರವಂತೂ ಬಹುತೇಕ ಎಲ್ಲ ಕಡೆ ಇದೆ. ಆಡಳಿತ ಮಂಡಳಿಯ ಚುನಾವಣೆ ಎಷ್ಟು ಜೋರಾಗಿ ನಡೆಯುತ್ತದೆ ಎಂಬುದನ್ನೂ ಬಲ್ಲೆವು. ಆ ಮಂಡಳಿಯ ಮೇಜಿನ ಸುತ್ತ ವರ್ಷಕ್ಕೆ ಒಂದು ಸಲವಾದರೂ ಒಬ್ಬ ನರ್ಸ್, ಒಬ್ಬ ಆಯಾ ಕೂತು ತಮ್ಮ ವಾರ್ಡಿನ ಬಗ್ಗೆ ಹೇಳಿದ್ದುಂಟೇ? ಉಂಟು ಎನ್ನುವ ಸಂಸ್ಥೆಯಿದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಲಿ. ನಾವೆಲ್ಲ ಹೋಗಿ ನೋಡಿ ಬರೋಣ.

ನಮ್ಮೂರಿನ ಮಟ್ಟದಲ್ಲಿ ಏನು ಮಾಡಬಹುದು? ಸಣ್ಣ ಆಸ್ಪತ್ರೆಯಲ್ಲಿ ಇದು ದೊಡ್ಡದಕ್ಕಿಂತ ಸುಲಭ. ಎಲ್ಲರ ಮುಖ ಎಲ್ಲರಿಗೂ ಗೊತ್ತು. ವೈದ್ಯಾಧಿಕಾರಿ ಎರಡು ಮೂರು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ, ಆಯಾ ಮತ್ತು ಆಶಾ ಇಲ್ಲೇ ಇರುತ್ತಾರೆ. ಯಾವ ತಿಂಗಳಲ್ಲಿ ಯಾವ ತಾಂಡಾದಿಂದ ಜ್ವರ ಬರುತ್ತದೆ, ಜನರೇಟರ್ ಯಾವಾಗ ಕೈಕೊಡುತ್ತದೆ ಎಂಬ ಲೆಕ್ಕವೆಲ್ಲ ಅವರ ತಲೆಯಲ್ಲಿದೆ. ತಿಂಗಳಿಗೊಮ್ಮೆ ಮುಕ್ಕಾಲು ಗಂಟೆ ಎಲ್ಲರೂ ಒಂದೇ ಎತ್ತರದ ಕುರ್ಚಿಗಳಲ್ಲಿ, ಸುತ್ತಾಗಿ ಕೂಡಲಿ. ಸಭೆ ನಡೆಸುವ ಸರದಿ ಪ್ರತಿ ತಿಂಗಳು ಬದಲಾಗಲಿ. ಒಮ್ಮೆ ಫಾರ್ಮಸಿಸ್ಟ್, ಒಮ್ಮೆ ನರ್ಸ್, ಒಮ್ಮೆ ಚಾಲಕ. ಡ್ಯೂಟಿ ಸರದಿ, ಹಾಸಿಗೆ ಬಟ್ಟೆ, ಸೋಪು ಫಿನಾಯಿಲ್ ಖರೀದಿ, ಹೆರಿಗೆ ಕೋಣೆಯ ಸಾಮಾನು ಎಲ್ಲಿಡಬೇಕು ಎಂಬಂಥ ವಿಷಯಗಳನ್ನು ಆ ಸಭೆಯೇ ತೀರ್ಮಾನಿಸಲಿ, ವೈದ್ಯಾಧಿಕಾರಿ ಅದನ್ನು ಜಾರಿ ಮಾಡಲಿ. ಕೈ ತೊಳೆಯದಿದ್ದಾಗ, ಅವಧಿ ಮುಗಿದ ಔಷಧಿ ಕಂಡಾಗ, ಒಬ್ಬ ರೋಗಿಯ ಚೀಟಿ ಇನ್ನೊಬ್ಬರಿಗೆ ಹೋದಾಗ ಯಾರು ಬೇಕಾದರೂ 'ನಿಲ್ಲಿ' ಎನ್ನಬಹುದು ಎಂದು ಗೋಡೆಯ ಮೇಲೆ ಬರೆಯಲಿ. ಕಳೆದ ತಿಂಗಳು ಯಾರು ಏನು ಕೇಳಿದರು, ಅದು ಏನಾಯಿತು ಎಂಬುದನ್ನು ಒಂದು ಹಲಗೆಯಲ್ಲಿ ಬರೆದು ಹಾಕಲಿ. ಆಗದಿದ್ದರೆ ಆಗಲಿಲ್ಲ ಎಂದೂ ಬರೆಯಲಿ. ಇದಕ್ಕೆ ಸರ್ಕಾರದ ಆದೇಶಕ್ಕಾಗಿ ಕಾಯಬೇಕಿಲ್ಲ ಎಂದು ನನ್ನ ಅಭಿಪ್ರಾಯ. ಮನಸ್ಸಿರುವ ಒಬ್ಬ ವೈದ್ಯಾಧಿಕಾರಿ ಸಾಕು. ಆರೋಗ್ಯ ರಕ್ಷಾ ಸಮಿತಿಯಲ್ಲಿರುವ ನಮ್ಮವರು ಅವರ ಬೆನ್ನಿಗೆ ನಿಲ್ಲಬೇಕು.

ಮೊದಲ ಸಭೆಯನ್ನು ಆಸ್ಪತ್ರೆಯಲ್ಲಿ ಮಾಡಲು ಸಂಕೋಚವಾದರೆ ಮಠದ ದಾಸೋಹ ಭವನದಲ್ಲಿ ಜಾಗ ಕೊಡುವಂತೆ ಪೂಜ್ಯರಲ್ಲಿ ಬಿನ್ನವಿಸಿಕೊಳ್ಳುತ್ತೇನೆ. ಅಲ್ಲಿ ಪಂಕ್ತಿಯಲ್ಲಿ ಎಲ್ಲರೂ ನೆಲದ ಮೇಲೆ ಕೂಡುವುದರಿಂದ ಕುರ್ಚಿಯ ಜಗಳವೂ ಇಲ್ಲ. ವೈದ್ಯಾಧಿಕಾರಿಗಳಿಗೆ ಕೊಡಬೇಕಾದ ಪತ್ರದ ಕರಡನ್ನು ಬರೆದು ತಂದಿದ್ದೇನೆ. ಸಹಿ ಹಾಕಲು ಮನಸ್ಸಿದ್ದವರು ಪ್ರಸಾದದ ಹೊತ್ತಿಗೆ ನನ್ನನ್ನು ಕಾಣಬೇಕು. ಆಶಾ ಕಾರ್ಯಕರ್ತೆಯರು ಮೂರು ಜನ ಹಿಂದಿನ ಸಾಲಿನಲ್ಲಿ ಕೂತಿದ್ದೀರಿ, ಕರಡನ್ನು ಮೊದಲು ನೀವು ಓದಿ, ಬಿಟ್ಟುಹೋದದ್ದನ್ನು ಸೇರಿಸಿ ಕೊಡಿರಿ.